ಪಕ್ಕದ ಮನೆಯ ನಾಯಿ ಕಚ್ಚಿದರೆ: ನಜಸಿನ ಲೆಕ್ಕ ಬೇರೆ, ವಿಷದ ಲೆಕ್ಕ ಬೇರೆ

ನಾಯಿ ಕಚ್ಚಿದವರನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬರುವ ನಮ್ಮ ಮನೆಗಳವರು ಮೊದಲು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ಡಾಕ್ಟ್ರೇ, ಇವನ ಬಟ್ಟೆಯನ್ನು ಏಳು ಸಲ ತೊಳೆಯಬೇಕಾ? ಇವತ್ತಿನ ನಮಾಝ್ ಹೇಗೆ?" ಹಲ್ಲು ಎಷ್ಟು ಆಳಕ್ಕೆ ಇಳಿದಿದೆ, ಇಂಜೆಕ್ಷನ್ ಎಷ್ಟು ಬೇಕು ಎಂಬ ಮಾತು ಆಮೇಲೆ ಬರುತ್ತದೆ. ಶುದ್ಧಿಯ ಬಗ್ಗೆ ಇಷ್ಟು ಎಚ್ಚರ ಇರುವುದು ಒಳ್ಳೆಯದೇ. ಆದರೆ ನಾಯಿ ಕಡಿತದ ವಿಷಯದಲ್ಲಿ ಈ ಎಚ್ಚರ ಒಮ್ಮೊಮ್ಮೆ ಬೇರೆ ದಾರಿ ಹಿಡಿಯುತ್ತದೆ. ನಜಸಿನ ಲೆಕ್ಕ ಮುಗಿದ ಕೂಡಲೇ ಎಲ್ಲವೂ ಮುಗಿಯಿತೆಂದು ಮನೆಯವರು ನಿಶ್ಚಿಂತರಾಗುತ್ತಾರೆ. ಬಟ್ಟೆ ಶುದ್ಧವಾಗಿರುತ್ತದೆ, ವೈರಸ್ ಗಾಯದೊಳಗೆ ಕುಳಿತಿರುತ್ತದೆ.

ಇನ್ನೂ ದೊಡ್ಡ ತೊಂದರೆ ಮಕ್ಕಳದು. ಒಮ್ಮೆ ಮದ್ರಸಕ್ಕೆ ಹೋಗುವ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಉಮ್ಮ ಕರೆದುಕೊಂಡು ಬಂದಿದ್ದರು. ದಾರಿಯಲ್ಲಿದ್ದ ಮನೆಯ ನಾಯಿ ಗೇಟಿನಿಂದ ಹೊರಗೆ ಹಾರಿ ಅವನ ಮೀನಖಂಡಕ್ಕೆ ಹಲ್ಲು ತಾಗಿಸಿ ಮೂರು ದಿನ ಕಳೆದಿತ್ತು. ಹುಡುಗ ಯಾರಿಗೂ ಹೇಳಿರಲಿಲ್ಲ. ಬಾವಿಕಟ್ಟೆಯಲ್ಲಿ ಪ್ಯಾಂಟು ತಾನೇ ಒಗೆದು, ಒಣಗಿಸಿ, ಮತ್ತೆ ಅದನ್ನೇ ಹಾಕಿಕೊಂಡು ಹೋಗಿದ್ದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಾಯಿ ಮುಟ್ಟಿದೆ ಅಂದರೆ ಉಮ್ಮ ಬೈಯುತ್ತಾರೆ, ಉಸ್ತಾದ್ ಕ್ಲಾಸಿಗೆ ಸೇರಿಸುವುದಿಲ್ಲ" ಎಂದ. ಅದೇ ದಿನ ತಾಲೂಕು ಆಸ್ಪತ್ರೆಗೆ ಕಳಿಸಿದೆವು, ಲಸಿಕೆ ಪೂರ್ತಿಯಾಯಿತು, ಹುಡುಗ ಚೆನ್ನಾಗಿದ್ದಾನೆ. ಆದರೆ ಕಾಲು ನೋವೆಂದು ಅವನು ಕುಂಟದೇ ಇದ್ದಿದ್ದರೆ ಉಮ್ಮನಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಆದ್ದರಿಂದ ಮನೆಯಲ್ಲಿ ಮಕ್ಕಳಿಗೆ ಇವತ್ತೇ ಹೇಳಿಬಿಡಿ: ನಾಯಿ ಕಚ್ಚಲಿ, ಪರಚಲಿ, ನೆಕ್ಕಲಿ, ಓಡಿ ಬಂದು ಹೇಳಬೇಕು, ಯಾರೂ ಬೈಯುವುದಿಲ್ಲ. ಮದ್ರಸದ ಉಸ್ತಾದರು ಕ್ಲಾಸಿನಲ್ಲಿ ಒಂದು ಮಾತು ಹೇಳಿದರೆ ನಾವು ಹತ್ತು ಸಲ ಹೇಳುವುದಕ್ಕಿಂತ ಹೆಚ್ಚು ನಾಟುತ್ತದೆ.

ಮೊದಲ ಹದಿನೈದು ನಿಮಿಷ

ರೇಬೀಸ್ ಎಂದು ಕರೆಯುವ ಹುಚ್ಚುನಾಯಿ ರೋಗದ ವೈರಸ್ ನಾಯಿಯ ಜೊಲ್ಲಿನಲ್ಲಿ ಇರುತ್ತದೆ. ಹಲ್ಲು ಚರ್ಮವನ್ನು ಸೀಳಿದಾಗ ಅದು ಮಾಂಸದೊಳಗೆ ಸೇರುತ್ತದೆ. ಅಲ್ಲಿಂದ ನರವನ್ನು ಹಿಡಿದು ನಿಧಾನವಾಗಿ ಮಿದುಳಿನ ಕಡೆಗೆ ಹೊರಡುತ್ತದೆ. ರೋಗದ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವರಲ್ಲಿ ಒಂದು ವಾರಕ್ಕೇ ಬರಬಹುದು, ಕೆಲವರಲ್ಲಿ ವರ್ಷ ದಾಟಬಹುದು. ಮುಖ, ಕುತ್ತಿಗೆ, ಕೈ ಇವುಗಳಿಗೆ ಕಚ್ಚಿದರೆ ಅಪಾಯ ಹೆಚ್ಚು. ನರಗಳು ಅಲ್ಲಿ ದಟ್ಟವಾಗಿವೆ, ಮಿದುಳಿಗೆ ದಾರಿಯೂ ಹತ್ತಿರ. ನಾಯಿಯ ಬಾಯಿ ಇರುವ ಎತ್ತರದಲ್ಲೇ ಚಿಕ್ಕ ಮಕ್ಕಳ ಮುಖವೂ ಇರುತ್ತದೆ ಎಂಬುದನ್ನು ನೆನಪಿಡಿ. ಒಮ್ಮೆ ಲಕ್ಷಣ ಶುರುವಾಯಿತೆಂದರೆ, ನೀರು ಕಂಡರೆ ಗಂಟಲು ಬಿಗಿಯತೊಡಗಿದರೆ, ಗಾಳಿ ತಾಗಿದರೂ ಬೆಚ್ಚತೊಡಗಿದರೆ, ಮತ್ತೆ ಯಾವ ವೈದ್ಯ ಪದ್ಧತಿಯಲ್ಲೂ ದಾರಿ ಇಲ್ಲ. ಅಲೋಪತಿಯಲ್ಲಿ ಇಲ್ಲ, ಯುನಾನಿಯಲ್ಲಿ ಇಲ್ಲ, ನಾಟಿ ಮದ್ದಿನಲ್ಲಿ ಇಲ್ಲ.

ನಮಗೆ ಸಿಗುವ ಅವಕಾಶ ಕಚ್ಚಿದ ಸಮಯಕ್ಕೂ ಲಕ್ಷಣದ ಸಮಯಕ್ಕೂ ನಡುವೆ ಇರುವ ಆ ಬಿಡುವು ಮಾತ್ರ. ಅದರಲ್ಲೂ ಮೊದಲ ಹದಿನೈದು ನಿಮಿಷ ನಿಮ್ಮ ಕೈಯಲ್ಲೇ ಇದೆ.

ಗಾಯವನ್ನು ನಲ್ಲಿಯ ಕೆಳಗೆ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ಒಬ್ಬರು ಚೊಂಬಿನಿಂದ ಬಿಡದೆ ನೀರು ಸುರಿಯಲಿ. ಸೋಪು ಹಚ್ಚಿ, ನೊರೆ ಬರಿಸಿ, ತೊಳೆಯಿರಿ. ಮತ್ತೆ ಸೋಪು, ಮತ್ತೆ ನೀರು. ಸ್ನಾನದ ಸೋಪು ಆಗಬಹುದು, ಬಟ್ಟೆ ಸೋಪೂ ಆಗಬಹುದು. ಈ ವೈರಸ್ಸಿನ ಹೊರಗಿನ ಪದರ ಕೊಬ್ಬಿನದು, ಅಡುಗೆ ಪಾತ್ರೆಯ ಜಿಡ್ಡನ್ನು ಬಿಡಿಸುವ ಹಾಗೆಯೇ ಸೋಪು ಆ ಪದರವನ್ನು ಒಡೆಯುತ್ತದೆ. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಬೇಕು. ನಮ್ಮ ಅಂದಾಜಿನ ಹದಿನೈದು ನಿಮಿಷ ಸಾಮಾನ್ಯವಾಗಿ ಮೂರು ನಿಮಿಷಕ್ಕೇ ಮುಗಿದಿರುತ್ತದೆ. ಮಗು ಅಳುತ್ತದೆ, ರಕ್ತ ನೋಡಿ ಅಜ್ಜಿ ಹೆದರುತ್ತಾರೆ, ಯಾರೋ "ಸಾಕು, ಆಟೋ ಬಂತು" ಅನ್ನುತ್ತಾರೆ. ಆಟೋ ಕಾಯಲಿ. ತೊಳೆದ ಮೇಲೆ ಮನೆಯಲ್ಲಿ ಪೊವಿಡೋನ್ ಅಯೋಡಿನ್ ದ್ರಾವಣ ಇದ್ದರೆ ಹಚ್ಚಿ, ಇಲ್ಲದಿದ್ದರೆ ಹಾಗೆಯೇ ಹೊರಡಿ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ರಕ್ತ ನಿಲ್ಲದೆ ಹರಿಯುತ್ತಿದ್ದರೆ ಮಾತ್ರ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ.

ಇನ್ನು ಗಾಯಕ್ಕೆ ಹಾಕಬಾರದ್ದು. ಅರಶಿನ, ಮೆಣಸಿನ ಪುಡಿ, ಸುಣ್ಣ, ಕಾಫಿ ಪುಡಿ, ಸೀಮೆಎಣ್ಣೆ, ಯಾವುದೋ ಎಲೆಯ ರಸ, ಇವೆಲ್ಲವನ್ನೂ ನಾನು ಗಾಯಗಳ ಮೇಲೆ ನೋಡಿದ್ದೇನೆ. ಮೆಣಸಿನ ಪುಡಿ ಹಾಕಿದಾಗ ಉರಿಯದಿದ್ದರೆ ವಿಷ ಏರಿದೆ ಎಂದು ಅರ್ಥ ಎನ್ನುವವರೂ ಇದ್ದಾರೆ. ಇದಕ್ಕೆ ಯಾವ ಆಧಾರವೂ ಇಲ್ಲ. ಇವೆಲ್ಲ ಗಾಯವನ್ನು ಕೆರಳಿಸಿ ವೈರಸ್ಸನ್ನು ಇನ್ನೂ ಒಳಗೆ ತಳ್ಳುತ್ತವೆ.

ಮಣ್ಣಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಸೇರಿಸಬೇಕು ಎಂಬ ಹದೀಸಿನ ಬೋಧನೆ ನಮಗೆಲ್ಲ ಗೊತ್ತು. ಅದನ್ನು ನೆನಪಿಸಿಕೊಂಡು ಕೆಲವರು ಕಚ್ಚಿದ ಗಾಯಕ್ಕೇ ಮಣ್ಣು ಉಜ್ಜುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ, ತೆರೆದ ಗಾಯಕ್ಕೆ ಅದು ಹೊಸದೊಂದು ಅಪಾಯ. ಗಾಯಗೊಂಡವನಿಗೂ ರೋಗಿಗೂ ಶರೀಅತ್ ರಿಯಾಯಿತಿ ಕೊಟ್ಟಿದೆ. ಗಾಯ ಇರುವ ಜಾಗದ ಶುದ್ಧಿ ಹೇಗೆಂದು ನಿಮ್ಮ ಖತೀಬರಲ್ಲಿ ಕೇಳಿ. ಕೇಳುವುದು ಆಸ್ಪತ್ರೆಯಿಂದ ಬಂದ ಮೇಲೆ.

ನಮ್ಮ ಕಿತಾಬುಗಳು ಏನು ಹೇಳುತ್ತವೆ

"ನೀವು ಯುನಾನಿಯವರಲ್ಲವೇ, ನಿಮ್ಮಲ್ಲೇ ಮದ್ದು ಇರಬೇಕಲ್ಲ" ಎಂದು ಕೇಳುವವರಿಗೆ ಇಲ್ಲೇ ಉತ್ತರ ಹೇಳುತ್ತೇನೆ. ಹುಚ್ಚುನಾಯಿ ಕಡಿತದ ಬಗ್ಗೆ ನಮ್ಮ ಹಕೀಮರು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾರೆ. ಇಬ್ನ್ ಸೀನಾ ಅವರ ಅಲ್ ಖಾನೂನಿನ ನಾಲ್ಕನೆಯ ಭಾಗದಲ್ಲಿ ವಿಷಗಳು ಮತ್ತು ಪ್ರಾಣಿಗಳ ಕಡಿತದ ಚರ್ಚೆಯ ನಡುವೆ ಇದೂ ಬರುತ್ತದೆ. ನಾಯಿಗೆ ಹುಚ್ಚು ಹಿಡಿದಾಗ ಅದು ಹೇಗೆ ಕಾಣುತ್ತದೆ, ಕಚ್ಚಿಸಿಕೊಂಡವನಿಗೆ ನೀರಿನ ಭಯ ಹೇಗೆ ಹುಟ್ಟುತ್ತದೆ ಎಂಬುದನ್ನೆಲ್ಲ ಅವರು ಗಮನಿಸಿದ್ದರು. ಗಾಯ ಬೇಗ ಮುಚ್ಚಿಕೊಳ್ಳಬಾರದು ಎಂಬ ತಿಳಿವಳಿಕೆಯೂ ಹಳೆಯ ಹಕೀಮರಿಗೆ ಇತ್ತು. ಇವತ್ತು ಆಸ್ಪತ್ರೆಯಲ್ಲಿ ನಾಯಿ ಕಚ್ಚಿದ ಗಾಯಕ್ಕೆ ಕೂಡಲೇ ಹೊಲಿಗೆ ಹಾಕದೆ ಬಿಡುವುದನ್ನು ನೋಡಿದಾಗ ನನಗೆ ಅದು ನೆನಪಾಗುತ್ತದೆ.

ಆದರೆ ನೀರಿನ ಭಯ ಶುರುವಾದ ಮೇಲೆ ರೋಗಿ ಉಳಿಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಅವರ ಬಳಿ ಲಸಿಕೆ ಇರಲಿಲ್ಲ. ಲೂಯಿ ಪಾಸ್ಚರ್ 1885ರ ಜುಲೈಯಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ರೇಬೀಸ್ ಲಸಿಕೆ ಕೊಟ್ಟ ಮೇಲೆ ಈ ರೋಗದ ಕತೆಯೇ ಬದಲಾಯಿತು. ದಕ್ಷಿಣ ಭಾರತದವರಿಗೆ ಕೂನೂರಿನ ಪಾಸ್ಚರ್ ಸಂಸ್ಥೆಯಿಂದ ದಶಕಗಳ ಕಾಲ ಲಸಿಕೆ ಬರುತ್ತಿತ್ತು. ಇಬ್ನ್ ಸೀನಾ ಇವತ್ತು ಇದ್ದಿದ್ದರೆ ರೋಗಿಯನ್ನು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಕಳಿಸುತ್ತಿದ್ದರು ಎಂದು ನಾನು ನಂಬುತ್ತೇನೆ. ನಾನೂ ಅದನ್ನೇ ಮಾಡುತ್ತೇನೆ. ನಾಯಿ ಕಡಿತಕ್ಕೆ ಯುನಾನಿ ಔಷಧ ಕೊಟ್ಟು ಲಸಿಕೆ ಬೇಡ ಎನ್ನುವ ವೈದ್ಯರು ಸಿಕ್ಕಿದರೆ ಅವರ ಡಿಗ್ರಿ ಯಾವುದೇ ಇರಲಿ, ಅಲ್ಲಿಂದ ಎದ್ದು ಬನ್ನಿ.

ಇತ್ತೀಚೆಗೆ ಹಿಜಾಮಾ ಮಾಡಿಸಿ ವಿಷ ತೆಗೆಸುತ್ತೇವೆ ಎನ್ನುವವರೂ ಕಾಣಿಸುತ್ತಿದ್ದಾರೆ. ಹಿಜಾಮಾ ಸುನ್ನತ್, ಅದರ ಬಗ್ಗೆ ಗೌರವ ಇದೆ, ನಾನೂ ಮಾಡುತ್ತೇನೆ. ಆದರೆ ನಾಯಿ ಕಚ್ಚಿದ ಗಾಯದ ಮೇಲೆ ಬ್ಲೇಡು ತಾಗಿಸಿದರೆ ನೀವು ವೈರಸ್ಸಿಗೆ ಇನ್ನಷ್ಟು ಬಾಗಿಲು ತೆರೆದಂತೆ. ಉಪ್ಪು, ಬೆಲ್ಲಕ್ಕೆ ದಮ್ ಮಾಡಿಸುವ ರೂಢಿಯೂ ಇದೆ. ದುಆ ಬೇಡ ಎಂದು ಯಾರೂ ಹೇಳುವುದಿಲ್ಲ, ಆಟೋದಲ್ಲಿ ಕುಳಿತು ಆಸ್ಪತ್ರೆಗೆ ಹೋಗುತ್ತಾ ಓದಬಹುದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ

ಹಿಂದೆ ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡುತ್ತಿದ್ದರು. ಆ ಹೆದರಿಕೆ ನಮ್ಮ ಹಿರಿಯರ ಮನಸ್ಸಿನಿಂದ ಇನ್ನೂ ಹೋಗಿಲ್ಲ, ಅವರು ಮಕ್ಕಳಿಗೂ ಹೇಳಿ ಹೆದರಿಸುತ್ತಾರೆ. ಆ ಲಸಿಕೆ ನಿಂತು ಸುಮಾರು ಎರಡು ದಶಕಗಳಾದವು. ಈಗ ಕೊಡುವುದು ತೋಳಿಗೆ. ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಬಳಿಕ 3ನೇ, 7ನೇ ಮತ್ತು 28ನೇ ದಿನ, ಒಟ್ಟು ನಾಲ್ಕು ಭೇಟಿ. ಪ್ರತಿ ಸಲ ಎರಡು ತೋಳಿಗೂ ಒಂದೊಂದು ಸಣ್ಣ ಚುಚ್ಚು. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರಿ ಐದು ಭೇಟಿ. ಇಲ್ಲಿ ಮೊದಲ ಇಂಜೆಕ್ಷನ್ ಕೊಡುವ ದಿನವನ್ನು ಸೊನ್ನೆ ಎಂದು ಎಣಿಸುತ್ತಾರೆ. ಸೋಮವಾರ ಶುರುವಾದರೆ 3ನೇ ದಿನವೆಂದರೆ ಗುರುವಾರ. ಈ ಲೆಕ್ಕ ತಪ್ಪಿ ಒಂದು ದಿನ ಹಿಂದೆ ಮುಂದೆ ಬರುವವರು ಬಹಳ. ಆಸ್ಪತ್ರೆಯವರು ಬರೆದುಕೊಟ್ಟ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹಲ್ಲು ಚರ್ಮದ ಒಳಗೆ ಇಳಿದು ರಕ್ತ ಬಂದಿದ್ದರೆ, ಅಥವಾ ಮೊದಲೇ ಇದ್ದ ಗಾಯವನ್ನೋ ಕಣ್ಣು ಬಾಯಿಯನ್ನೋ ನಾಯಿ ನೆಕ್ಕಿದ್ದರೆ, ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧ ಬೇಕು. ಲಸಿಕೆಯಿಂದ ದೇಹ ರಕ್ಷಣೆ ತಯಾರು ಮಾಡಿಕೊಳ್ಳಲು ಒಂದೆರಡು ವಾರ ಬೇಕಾಗುತ್ತದೆ. ಅಲ್ಲಿಯವರೆಗೆ ಗಾಯದಲ್ಲೇ ವೈರಸ್ಸನ್ನು ತಡೆದು ನಿಲ್ಲಿಸುವ ತಯಾರು ರಕ್ಷಣೆ ಇದು. ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ, ನೋವಾಗುತ್ತದೆ, ಮಗು ಕೂಗುತ್ತದೆ. "ಮಗುವಿಗೆ ಇಷ್ಟು ಹಿಂಸೆ ಬೇಡ" ಎಂದು ಎತ್ತಿಕೊಂಡು ಹೊರಟು ಬರಬೇಡಿ. ಸಣ್ಣ ಆಸ್ಪತ್ರೆಯಲ್ಲಿ ಲಸಿಕೆ ಇದ್ದು ಈ ಔಷಧ ಇಲ್ಲದಿರಬಹುದು. ಆಗ ಮೊದಲ ಲಸಿಕೆ ಅಲ್ಲೇ ಹಾಕಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಮೊದಲ ಲಸಿಕೆಯಾಗಿ ಏಳು ದಿನಗಳೊಳಗೆ ಅದನ್ನು ಕೊಡಬಹುದು, ಆದರೆ ಅದೇ ದಿನ ಸಿಕ್ಕಿದರೆ ಉತ್ತಮ. ಧನುರ್ವಾಯುವಿನ ಇಂಜೆಕ್ಷನ್ ಬೇಕೇ ಎಂದೂ ಕೇಳಿ.

ರಕ್ತ ಬಾರದ ಸಣ್ಣ ಪರಚು ಗಾಯಕ್ಕೂ ಲಸಿಕೆ ಬೇಕು. ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ, ಮೈಗೆ ಮೈ ತಾಗಿದರೆ ಬೇಡ, ತೊಳೆದರೆ ಸಾಕು. ಗರ್ಭಿಣಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ ಈ ಲಸಿಕೆ ಕೊಡಬಹುದು. ತಡವಾಯಿತೆಂದು ಬಿಡುವುದು ಬೇಡ, ವಾರ ಕಳೆದಿದ್ದರೂ ಹೋಗಿ. ಪಥ್ಯದ ಕಾಟವೂ ಇದೆ: ಕೋಳಿ ಬೇಡ, ಮೀನು ಬೇಡ, ಮೊಟ್ಟೆ ಬೇಡ, ತಲೆಗೆ ನೀರು ಬೇಡ. ಈ ಲಸಿಕೆಗೆ ಯಾವ ಪಥ್ಯವೂ ಇಲ್ಲ. ಪಥ್ಯದಲ್ಲಿ ನಂಬಿಕೆ ಇರುವ ಪದ್ಧತಿಯ ವೈದ್ಯನೇ ಹೇಳುತ್ತಿದ್ದೇನೆ, ಮನೆಯಲ್ಲಿ ಮಾಡಿದ್ದನ್ನು ಊಟ ಮಾಡಿ.

ರಮಝಾನಿನಲ್ಲಿ ಕಚ್ಚಿದರೆ ಕೆಲವರು ಇಫ್ತಾರಿನ ನಂತರ ಹೋಗೋಣ ಎಂದು ಕಾಯುತ್ತಾರೆ, ಆಮೇಲೆ ತರಾವೀಹ್, ಹಾಗೆ ಮರುದಿನವಾಗುತ್ತದೆ. ಪೌಷ್ಟಿಕಾಂಶ ಕೊಡದ, ತೋಳಿಗೆ ಹಾಕುವ ಇಂತಹ ಇಂಜೆಕ್ಷನ್ನಿನಿಂದ ಉಪವಾಸ ಮುರಿಯುವುದಿಲ್ಲ ಎಂಬುದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸರಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ, ಹಣ ಇಲ್ಲ ಎಂದು ಕಾಯುವ ಕಾರಣವೂ ಇಲ್ಲ.

ಬೆಕ್ಕು ಪಾಕ್, ಆದರೆ...

ಬೆಕ್ಕಿನ ವಿಷಯ ಬಾರದೆ ಈ ಮಾತು ಮುಗಿಯುವುದಿಲ್ಲ. ನಮ್ಮ ಹೆಚ್ಚಿನ ಮನೆಗಳಲ್ಲಿ ಬೆಕ್ಕು ಇದೆ. ಬೆಕ್ಕು ನಜಸ್ ಅಲ್ಲ, ಅದು ಕುಡಿದುಳಿದ ನೀರಿನಿಂದ ವುಝೂ ಮಾಡಬಹುದು ಎಂದು ಮಕ್ಕಳಿಗೂ ಗೊತ್ತು. ಅದರಿಂದಾಗಿ ಬೆಕ್ಕು ಕಚ್ಚಿದರೆ, ಪರಚಿದರೆ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಬೆಕ್ಕಿಗೂ ರೇಬೀಸ್ ಬರುತ್ತದೆ, ಅದು ಕಚ್ಚಿದರೂ ರೋಗ ದಾಟುತ್ತದೆ. ಊರೆಲ್ಲ ಸುತ್ತಿ ಬರುವ ಬೆಕ್ಕಿಗೆ ಬೀದಿ ನಾಯಿಯ ಜೊತೆ ಜಗಳ ಆಗದೇ ಇರುತ್ತದೆಯೇ? ಬೆಕ್ಕು ಕಚ್ಚಿದರೂ ಅದೇ ಸೋಪು, ಅದೇ ಹದಿನೈದು ನಿಮಿಷ, ಅದೇ ಲಸಿಕೆ. ನಿಮ್ಮ ಬೆಕ್ಕಿಗೂ ಪಶು ಆಸ್ಪತ್ರೆಯಲ್ಲಿ ವರ್ಷ ವರ್ಷ ಲಸಿಕೆ ಹಾಕಿಸಿ.

ನಜಸ್ ಎಂಬುದು ಇಬಾದತ್ತಿನ ವಿಷಯ. ಅದರ ನಿಯಮಗಳನ್ನು ಉಲಮಾಗಳು ಹೇಳುತ್ತಾರೆ, ಅದರಲ್ಲಿ ಮದ್‌ಹಬಿನ ವ್ಯತ್ಯಾಸವೂ ಇದೆ. ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈ. ಆ ಪ್ರಕಾರ ಒದ್ದೆಯಾಗಿ ನಾಯಿ ತಾಗಿದರೆ ಏಳು ಸಲ, ಅದರಲ್ಲಿ ಒಂದು ಸಲ ಮಣ್ಣಿನೊಂದಿಗೆ ತೊಳೆಯಬೇಕು. ಘಟ್ಟದ ಮೇಲೆ ಹೆಚ್ಚಿನವರು ಹನಫಿ, ಅಲ್ಲಿ ಜೊಲ್ಲು ನಜಸ್, ಮೈಯ ಕೂದಲು ಹಾಗಲ್ಲ. ನಾಯಿಯೂ ಒಣಗಿದ್ದು ನಿಮ್ಮ ಬಟ್ಟೆಯೂ ಒಣಗಿದ್ದರೆ ಬರೀ ತಾಗಿದ್ದರಿಂದ ಬಟ್ಟೆ ನಜಸ್ ಆಗುವುದಿಲ್ಲ. ನಾಯಿ ಮುಟ್ಟಿದರೆ ವುಝೂ ಮುರಿಯುವುದೂ ಇಲ್ಲ. ಇಷ್ಟು ಗೊತ್ತಿದ್ದರೆ ಮಕ್ಕಳ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ಹೆದರಿಕೆ ಕಡಿಮೆಯಾದರೆ ಮುಚ್ಚಿಡುವುದೂ ಕಡಿಮೆಯಾಗುತ್ತದೆ.

ಸುಬಹಿಯ ದಾರಿಯಲ್ಲಿ

ನಾಯಿಯ ಕಾಟ ಹೆಚ್ಚು ಕಾಣುವುದು ಎರಡು ಹೊತ್ತಿನಲ್ಲಿ: ಸುಬಹಿ ನಮಾಝಿಗೆ ಹೋಗುವಾಗ, ಮಕ್ಕಳು ಬೆಳಗ್ಗೆ ಮದ್ರಸಕ್ಕೆ ಹೋಗುವಾಗ. ರಾತ್ರಿ ಕಾವಲಿಗೆಂದು ಬಿಟ್ಟ ನಾಯಿಯನ್ನು ಆ ಹೊತ್ತಿಗೆ ಇನ್ನೂ ಕಟ್ಟಿರುವುದಿಲ್ಲ. ಕತ್ತಲು, ರಸ್ತೆ ಖಾಲಿ, ಗೇಟಿನ ಎದುರು ಸರಸರ ನಡೆಯುವ ಒಂದು ಆಕೃತಿ. ತನ್ನ ಜಾಗ ಕಾಯುವುದೇ ಕೆಲಸವೆಂದು ತಿಳಿದ ನಾಯಿಗೆ ಅಷ್ಟು ಸಾಕು.

ಓಡಬಾರದು. ಓಡಿದ್ದನ್ನು ಅಟ್ಟುವುದು ನಾಯಿಯ ಹುಟ್ಟುಗುಣ, ಅದರ ವೇಗಕ್ಕೆ ನಾವು ಸಮ ಅಲ್ಲ. ನಿಲ್ಲಿ, ಪಕ್ಕಕ್ಕೆ ತಿರುಗಿ ನಿಲ್ಲಿ, ಕಣ್ಣಿಗೆ ಕಣ್ಣು ಇಟ್ಟು ನೋಡಬೇಡಿ, ಕೈ ಬೀಸಬೇಡಿ, ಕಿರುಚಬೇಡಿ. ನಾಯಿ ನಿಂತ ಮೇಲೆ ಬೆನ್ನು ಹಾಕದೆ ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಕೈಯಲ್ಲಿ ಕೊಡೆ ಇದ್ದರೆ ಬಿಚ್ಚಿ ನಿಮಗೂ ನಾಯಿಗೂ ನಡುವೆ ಹಿಡಿಯಿರಿ, ಅದು ಗೋಡೆಯ ಕೆಲಸ ಮಾಡುತ್ತದೆ. ಮದ್ರಸದ ಚೀಲವೂ ಆಗುತ್ತದೆ, ಆದರೆ ಅದರಲ್ಲಿ ಮುಸ್‌ಹಫ್ ಇರುತ್ತದಲ್ಲ ಎಂದು ಮಕ್ಕಳು ಚೀಲವನ್ನು ಎದೆಗವಚಿಕೊಂಡು ಕೈಕಾಲು ಒಡ್ಡುತ್ತಾರೆ. ಅದಕ್ಕೇ ಮಳೆ ಇಲ್ಲದಿದ್ದರೂ ಒಂದು ಹಳೆಯ ಕೊಡೆ ಕೊಟ್ಟು ಕಳಿಸುವುದು ಒಳ್ಳೆಯದು ಎಂದು ನಾನು ಹೇಳುವುದು. ಕೆಳಗೆ ಬಿದ್ದರೆ ಮಂಡಿ ಮಡಚಿ ಮುದುಡಿ, ಕೈಗಳಿಂದ ಕುತ್ತಿಗೆ ಮತ್ತು ಕಿವಿ ಮುಚ್ಚಿಕೊಂಡು ಅಲುಗದೆ ಇರಲು ಮಕ್ಕಳಿಗೆ ಅಂಗಳದಲ್ಲಿ ಆಟದ ಹಾಗೆ ಕಲಿಸಿ. ಸೈಕಲ್ಲಿನಲ್ಲಿದ್ದರೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಲಿ.

ಕಲ್ಲು ಹೊಡೆಯಲು ಬಿಡಬೇಡಿ. ಗೇಟಿನೊಳಗೆ ಕಟ್ಟಿಹಾಕಿದ ನಾಯಿಗೆ ದಿನಾ ಕಲ್ಲು ಹೊಡೆದು ಹೋಗುವ ಮಕ್ಕಳ ಗುಂಪು ಒಂದಿದ್ದರೆ, ಆ ನಾಯಿ ಬಿಳಿ ಟೊಪ್ಪಿ ಕಂಡ ಕೂಡಲೇ ಕೆರಳುವುದನ್ನು ಕಲಿಯುತ್ತದೆ. ಆಮೇಲೆ ಸರಪಳಿ ಕಳಚಿದ ದಿನ ಕಚ್ಚಿಸಿಕೊಳ್ಳುವುದು ಹಿಂದೆ ನಡೆದು ಬರುವ ಯಾವುದೋ ಪಾಪದ ಮಗು. ತಿನ್ನುತ್ತಿರುವ ನಾಯಿ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು ಎಂಬುದನ್ನೂ ಹೇಳಿಕೊಡಿ.

ನಾಯಿ ಇದ್ದಕ್ಕಿದ್ದಂತೆ ಬದಲಾದರೆ ಅದು ಬರೀ ಸಿಟ್ಟಿನ ವಿಷಯ ಆಗಿರಲಿಕ್ಕಿಲ್ಲ. ಕಂಡಕಂಡದ್ದನ್ನು ಕಚ್ಚುವುದು, ಬೊಗಳುವ ದನಿ ಒಡೆಯುವುದು, ಜೊಲ್ಲು ಸುರಿಸುವುದು, ತೂರಾಡುವುದು ರೇಬೀಸಿನ ಲಕ್ಷಣ. ಇನ್ನೊಂದು ಬಗೆಯಲ್ಲಿ ನಾಯಿ ಮೂಲೆ ಸೇರಿ ಸುಮ್ಮನಾಗುತ್ತದೆ, ಕೆಳದವಡೆ ಜೋತುಬೀಳುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಮನೆಯವರು ಕೈ ಹಾಕಿ ನೋಡುವುದು ಇಂತಹ ನಾಯಿಯ ಬಾಯಿಗೇ. ಮರಿಗಳಿಗೂ ಈ ರೋಗ ಬರುತ್ತದೆ, ರಸ್ತೆಯಲ್ಲಿ ಸಿಕ್ಕಿದ ಮರಿಯನ್ನು ಮಕ್ಕಳು ಎತ್ತಿಕೊಂಡು ಬಂದರೆ ಮುದ್ದು ಎಂದು ಸುಮ್ಮನಿರಬೇಡಿ.

ನೆರೆಯವರ ಜೊತೆ

ನೆರೆಯವರ ಹಕ್ಕಿನ ಬಗ್ಗೆ ಜಿಬ್ರೀಲ್ (ಅ) ಎಷ್ಟು ಒತ್ತಿ ಹೇಳಿದರೆಂಬುದನ್ನು ಪ್ರವಾದಿ(ಸ) ತಿಳಿಸಿದ್ದು ಜುಮಾ ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ನೆರೆಯವನು ಮುಸ್ಲಿಮನೇ ಆಗಿರಬೇಕೆಂದಿಲ್ಲ. ನಾಯಿ ಸಾಕಿದವರನ್ನು ಕೀಳಾಗಿ ನೋಡುವ ಕಾರಣವೂ ನಮಗಿಲ್ಲ. ಅಡಿಕೆ ತೋಟದ ನಡುವಿನ ಒಂಟಿ ಮನೆಯಲ್ಲಿ ಕಾವಲಿಗೆ ನಾಯಿ ಇಡುವ ನಮ್ಮವರೂ ಇದ್ದಾರೆ, ಬೆಳೆ ಮತ್ತು ಜಾನುವಾರು ಕಾಯಲು ನಾಯಿ ಇಡುವುದಕ್ಕೆ ಅನುಮತಿಯೂ ಇದೆ. ಬಾಯಾರಿದ ನಾಯಿಗೆ ನೀರು ಕೊಟ್ಟವರಿಗೆ ಅಲ್ಲಾಹನ ಕ್ಷಮೆ ಸಿಕ್ಕಿದ ಹದೀಸೂ ನಮ್ಮದೇ.

ನಾಯಿ ಅಟ್ಟಿಸಿಕೊಂಡು ಬಂದ ಸಿಟ್ಟಿನಲ್ಲೇ ಅವರ ಗೇಟಿನ ಎದುರು ನಿಂತು ಕೂಗಬೇಡಿ. ಅಸರ್ ಕಳೆದ ಮೇಲೆ, ಅವರು ಮನೆಯಲ್ಲಿ ಆರಾಮಾಗಿರುವ ಹೊತ್ತಿಗೆ, ಒಬ್ಬರೋ ಇಬ್ಬರೋ ಹೋಗಿ. ಜಮಾಅತಿನ ಹತ್ತು ಮಂದಿ ಒಟ್ಟಿಗೆ ಹೋದರೆ ನಾಯಿಯ ಮಾತು ಹಿಂದೆ ಉಳಿದು ಬೇರೆ ಮಾತು ಮುಂದೆ ಬರುತ್ತದೆ. ಹೆಂಗಸರು ಹೆಂಗಸರಲ್ಲಿ ಹೇಳಿದರೆ ಕೆಲಸ ಇನ್ನೂ ಬೇಗ ಆಗುವುದನ್ನು ಕಂಡಿದ್ದೇನೆ. "ಅಕ್ಕಾ, ನಿಮ್ಮ ನಾಯಿ ನಿಮಗೆ ಬೇಕು, ಸರಿ. ನನ್ನ ಮಗ ಬೆಳಗ್ಗೆ ಆರೂವರೆಗೆ ಈ ದಾರಿಯಲ್ಲಿ ಹೋಗುತ್ತಾನೆ. ಆ ಅರ್ಧ ಗಂಟೆ ಅದನ್ನು ಕಟ್ಟಿಹಾಕುತ್ತೀರಾ?" ಹೀಗೆ ಹೊತ್ತು ಹೇಳಿ, ಇಂತಿಷ್ಟು ಬೇಕೆಂದು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. "ನಿಮ್ಮ ನಾಯಿ ಸರಿ ಇಲ್ಲ" ಎಂದು ಶುರು ಮಾಡಿದರೆ ಅವರು ನಾಯಿಯ ವಕೀಲರಾಗುತ್ತಾರೆ.

ಕೇಳಬೇಕಾದದ್ದು ಹೆಚ್ಚೇನಿಲ್ಲ. ಈ ವರ್ಷದ ರೇಬೀಸ್ ಲಸಿಕೆ ಹಾಕಿಸಿದ್ದಾರೆಯೇ, ಕಾರ್ಡ್ ಇದೆಯೇ. ಗೇಟಿನ ಚಿಲಕ ನಾಯಿ ತಳ್ಳಿದರೆ ತೆರೆದುಕೊಳ್ಳುತ್ತದೆಯೇ, ಬೇಲಿಯಲ್ಲಿ ತೂತು ಇದೆಯೇ. ಹೊರಗೆ ಕರೆದೊಯ್ಯುವಾಗ ಹಗ್ಗವೂ ಬಾಯಿಗೆ ಕವಚವೂ ಹಾಕುತ್ತಾರೆಯೇ. ದಿನವಿಡೀ ಮೊಳದುದ್ದದ ಸರಪಳಿಯಲ್ಲಿ ಕಟ್ಟಿಟ್ಟ ನಾಯಿಗೆ ಸಿಟ್ಟು ಏರುತ್ತಲೇ ಹೋಗುತ್ತದೆ. ಕಾಂಪೌಂಡು ಭದ್ರ ಮಾಡಿ ಅದರೊಳಗೆ ಓಡಾಡಲು ಬಿಟ್ಟರೆ ಇಬ್ಬರಿಗೂ ನೆಮ್ಮದಿ. ಚಿಲಕ ಸರಿಪಡಿಸುವ ಖರ್ಚಿನಲ್ಲಿ ನಾವೂ ಪಾಲು ಕೊಡುತ್ತೇವೆ ಎನ್ನುವುದರಲ್ಲಿ ಸಣ್ಣತನ ಏನಿಲ್ಲ, ಆಸ್ಪತ್ರೆಗೆ ನಾಲ್ಕು ಸಲ ಓಡಾಡುವುದಕ್ಕಿಂತ ಅಗ್ಗ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸಮಯದಲ್ಲಿ ಪಶುವೈದ್ಯ ಇಲಾಖೆಯವರು ಹಲವು ಕಡೆ ಉಚಿತ ಲಸಿಕೆ ಶಿಬಿರ ಇಡುತ್ತಾರೆ, ನೆರೆಯವರಿಗೂ ನೆನಪಿಸಬಹುದು.

ಅವರ ನಾಯಿ ಕಚ್ಚಿಯೇ ಬಿಟ್ಟರೆ, "ನಮ್ಮದಕ್ಕೆ ಇಂಜೆಕ್ಷನ್ ಆಗಿದೆ, ಏನೂ ಆಗುವುದಿಲ್ಲ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಅದನ್ನು ನಂಬಿ ಮನೆಯಲ್ಲಿ ಕೂರಬೇಡಿ; ಮನುಷ್ಯರ ಲಸಿಕೆಯನ್ನು ಅದೇ ದಿನ ಶುರು ಮಾಡಿ, ನಾಯಿಯನ್ನು ಹತ್ತು ದಿನ ಕಟ್ಟಿ ಗಮನಿಸಲು ಅವರನ್ನು ಕೇಳಿಕೊಳ್ಳಿ. ಹತ್ತು ದಿನವೂ ನಾಯಿ ಆರೋಗ್ಯವಾಗಿದ್ದರೆ ಕಚ್ಚುವಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದು ಅರ್ಥ, ಮುಂದಿನ ಡೋಸ್ ಬೇಕೇ ಎಂದು ಡಾಕ್ಟರು ನಿರ್ಧರಿಸುತ್ತಾರೆ. ಅದಕ್ಕೇ ಆ ನಾಯಿಯನ್ನು ಹೊಡೆದು ಕೊಲ್ಲಬಾರದು, ಊರಾಚೆ ಬಿಟ್ಟು ಬರಲೂ ಹೇಳಬಾರದು. ನಾಯಿ ಕಣ್ಣೆದುರು ಬದುಕಿರುವುದೇ ನಿಮಗೆ ಸಿಗುವ ಸಾಕ್ಷಿ. ಆಸ್ಪತ್ರೆಗೆ ಹೋದರೆ ನೆರೆಯವರ ಮೇಲೆ ಕೇಸಾಗುತ್ತದೆ, ಸಂಬಂಧ ಹಾಳಾಗುತ್ತದೆ ಎಂದು ಹಿಂಜರಿಯುವವರೂ ಇದ್ದಾರೆ. ಲಸಿಕೆ ಹಾಕಿಸಿಕೊಳ್ಳಲು ದೂರು ಕೊಡಬೇಕಾಗಿಲ್ಲ.

ಎಷ್ಟು ಹೇಳಿದರೂ ಕೇಳದವರೂ ಇರುತ್ತಾರೆ. ಆಗ ಗ್ರಾಮ ಪಂಚಾಯತಿಗೋ ನಗರಸಭೆಗೋ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ಸಾಕುಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇನ್ನು ಸಿಟ್ಟಿನಲ್ಲಿ ಮೀನಿನ ತುಂಡಿಗೆ ಇಲಿಪಾಷಾಣ ಹಚ್ಚಿ ಎಸೆಯುವ ಯುವಕರಿದ್ದಾರೆ. ಪ್ರಾಣಿಗೆ ವಿಷ ಹಾಕಿ ಕೊಲ್ಲುವುದು ಅದೇ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಸಜೆಯ ಅಪರಾಧ. ಆ ತುಂಡನ್ನು ಮೊದಲು ತಿನ್ನುವುದು ನಿಮ್ಮದೇ ಮನೆಯ ಬೆಕ್ಕಾಗಿರಬಹುದು. ನೆರೆಯವರು ಬೇರೆ ಧರ್ಮದವರಾಗಿದ್ದರೆ, ನಮ್ಮ ಜಿಲ್ಲೆಗಳ ಇವತ್ತಿನ ಸ್ಥಿತಿಯಲ್ಲಿ ಒಂದು ಸತ್ತ ನಾಯಿ ಎಲ್ಲಿಗೆ ಮುಟ್ಟಬಹುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ವಾಟ್ಸ್ಆ್ಯಪಿನಲ್ಲಿ ವಿಡಿಯೋ ಹಾಕುವುದಕ್ಕೂ ಇದೇ ಮಾತು. ನಾಯಿ ಅಟ್ಟುವ ವಿಡಿಯೋ ಇದ್ದರೆ ದೂರಿನ ಜೊತೆ ಕೊಡಿ, ಗ್ರೂಪಿಗೆ ಬೇಡ.

ದೂರಿಗೆ ಬೇಕಾಗುವುದು ತಾರೀಖು, ಹೊತ್ತು, ಜಾಗ, ಹಿಂದೆ ಯಾರಿಗೆಲ್ಲ ಹೀಗಾಗಿದೆ ಎಂಬ ವಿವರ, ಮತ್ತು ಆಸ್ಪತ್ರೆಯ ಚೀಟಿ. ಕಚ್ಚಿದ್ದು ಯಾರ ನಾಯಿ ಎಂದು ಡಾಕ್ಟರಿಗೆ ಹೇಳಿ ಚೀಟಿಯಲ್ಲೇ ಬರೆಸಿಕೊಳ್ಳಿ. ಲಸಿಕೆ ಮುಗಿದ ಮೇಲೆಯೂ ಆ ಚೀಟಿಯನ್ನು ಎಸೆಯದೆ ರೇಷನ್ ಕಾರ್ಡ್ ಇಡುವ ಕಡೆ ಇಟ್ಟುಕೊಳ್ಳಿ. ಪೂರ್ತಿ ಲಸಿಕೆ ಆದವರಿಗೆ ಮುಂದೆ ಎಂದಾದರೂ ಮತ್ತೆ ನಾಯಿ ಕಚ್ಚಿದರೆ, ಮೊದಲ ದಿನ ಮತ್ತು 3ನೇ ದಿನ ಎರಡೇ ಡೋಸ್ ಸಾಕಾಗುತ್ತದೆ, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಅದನ್ನು ಡಾಕ್ಟರು ತೀರ್ಮಾನಿಸುವುದು ಆ ಚೀಟಿ ನೋಡಿ.